ಡಿಎಲ್ ಅಮಾನತಾದರೆ ಮುಂದೇನು? ಸಿ.ಎ.ಕೆರೆ, ಮದ್ದೂರು ಭಾಗದ ಚಾಲಕರು, ಅಂಗಡಿ ಮಾಲೀಕರಿಗೆ ಮಾಹಿತಿ

ಚಿಕ್ಕರಸಿನಕೆರೆ: ಹೆಲ್ಮೆಟ್ ಇಲ್ಲದೆ ಬೈಕಿನಲ್ಲಿ ಕೆ.ಎಂ.ದೊಡ್ಡಿಗೆ ಹೋಗಿ ಬರುವಾಗ ಪೊಲೀಸರಿಗೆ ಸಿಕ್ಕಿಬಿದ್ದರೆ ₹500 ದಂಡ. ಕಟ್ಟಿದರೆ ಮುಗೀತು ಅಂತಲೇ ಬಹಳ ಜನ ತಿಳಿದಿದ್ದಾರೆ. ಆದರೆ ಅದೇ ಡಿಎಲ್ ಇಟ್ಟುಕೊಂಡು ಗೂಡ್ಸ್ ಆಟೊದಲ್ಲಿ ಮದ್ದೂರು ಮಾರುಕಟ್ಟೆಗೆ ಎಳನೀರು ಸಾಗಿಸುವವರಿಗೆ ದೊಡ್ಡ ಪೆಟ್ಟು ದಂಡದಿಂದ ಬೀಳೋದಿಲ್ಲ, ಅಮಾನತಿನಿಂದ ಬೀಳುತ್ತೆ. ಬೈಕಿನ ತಪ್ಪಿಗೆ ಕಾರ್ಡ್ ಹೋದರೆ ಆಟೊ ಓಡಿಸುವ ಹಕ್ಕೂ ಅದರ ಜೊತೆಗೇ ಹೋಗಬಹುದು. ಮೂರು ತಿಂಗಳು ಬಾಡಿಗೆ ಇಲ್ಲ, ಫೈನಾನ್ಸ್ ಕಂತು ಮಾತ್ರ ನಿಲ್ಲೋದಿಲ್ಲ.

ಹಾಗಾಗಿ ಅಮಾನತು ಅಂದರೆ ಏನು, ಯಾರು ಮಾಡಬಹುದು, ಎಷ್ಟು ದಿನದೊಳಗೆ ಏನು ಮಾಡಬೇಕು, ವಕೀಲರು ಎಲ್ಲಿ ಸಿಗ್ತಾರೆ ಅನ್ನೋದನ್ನ ಇಲ್ಲಿ ಕೊಟ್ಟಿದ್ದೇವೆ.

ಅಮಾನತು ಮಾಡೋರು ಯಾರು?

ಪೊಲೀಸರು ಡಿಎಲ್ ವಶಕ್ಕೆ ಪಡೆಯಬಹುದು. ಅಮಾನತು ಮಾಡುವ ಅಧಿಕಾರ ಅವರಿಗಿಲ್ಲ. ಆ ಅಧಿಕಾರ ಇರೋದು ಪರವಾನಗಿ ಪ್ರಾಧಿಕಾರಕ್ಕೆ, ಅಂದರೆ ಆರ್‌ಟಿಒಗೆ, ಇಲ್ಲವೇ ಶಿಕ್ಷೆ ಕೊಡುವ ನ್ಯಾಯಾಲಯಕ್ಕೆ. ಮೋಟಾರು ವಾಹನ ಕಾಯ್ದೆ 1988ರ 19ನೇ ಕಲಂ ಆರ್‌ಟಿಒ ಅಧಿಕಾರವನ್ನೂ, 20ನೇ ಕಲಂ ಕೋರ್ಟಿನ ಅಧಿಕಾರವನ್ನೂ ಹೇಳುತ್ತೆ. 2022ರಲ್ಲಿ ಕಲ್ಕತ್ತಾ ಹೈಕೋರ್ಟ್ ಮುಂದೆ ಇಂಥದ್ದೇ ಒಂದು ಪ್ರಕರಣ ಬಂದಿತ್ತು. ಅತಿವೇಗದ ಕಾರಣಕ್ಕೆ ಪೊಲೀಸ್ ಅಧಿಕಾರಿಯೇ ಡಿಎಲ್ ಅಮಾನತು ಮಾಡಿದ್ದರು. ಪೊಲೀಸರು ವಶಪಡಿಸಿಕೊಂಡು ಪ್ರಾಧಿಕಾರಕ್ಕೆ ಕಳಿಸಬಹುದೇ ಹೊರತು ತಾವೇ ಅಮಾನತು ಮಾಡುವಂತಿಲ್ಲ ಎಂದು ಕೋರ್ಟ್ ಹೇಳಿತು. "ನಿನ್ ಡಿಎಲ್ ಸಸ್ಪೆಂಡ್" ಅಂತ ರಸ್ತೆಯಲ್ಲಿ ಯಾರಾದರೂ ಬಾಯಲ್ಲಿ ಹೇಳಿದರೆ ಅದು ಆದೇಶ ಆಗೋದಿಲ್ಲ.

ನಮ್ಮ ಭಾಗದವರಿಗೆ ಆರ್‌ಟಿಒ ಅಂದರೆ ಮಂಡ್ಯ, ಕೆಎ-11. ಬೆಂಗಳೂರಲ್ಲೋ ಮೈಸೂರಲ್ಲೋ ಸಿಕ್ಕಿಬಿದ್ದಿದ್ದರೆ ಕಾರ್ಡ್ ಯಾವ ಕಚೇರಿಗೆ ಹೋಗಿದೆ ಅಂತ ಆ ಠಾಣೆಯಲ್ಲೇ ಕೇಳಿ ಬರೆದುಕೊಳ್ಳಿ. ಎಷ್ಟೋ ಜನ ಮಂಡ್ಯಕ್ಕೆ ನಾಲ್ಕು ಸಲ ಅಲೆದ ಮೇಲೆ ಕಾರ್ಡ್ ಬೇರೆ ಕಡೆ ಇರೋದು ಗೊತ್ತಾಗುತ್ತೆ.

ಯಾವ ತಪ್ಪಿಗೆ ಕಾರ್ಡ್ ಹೋಗುತ್ತೆ?

2019ರ ತಿದ್ದುಪಡಿ ಆದ ಮೇಲೆ 206ನೇ ಕಲಮಿಗೆ ನಾಲ್ಕನೇ ಉಪಕಲಂ ಸೇರಿತು. ಅತಿವೇಗ, ಅಪಾಯಕಾರಿ ಚಾಲನೆ, ಕುಡಿದು ಚಾಲನೆ, ರಸ್ತೆಯಲ್ಲಿ ರೇಸ್, ಬೈಕಿನಲ್ಲಿ ಮೂರು ಜನ, ಹೆಲ್ಮೆಟ್ ಇಲ್ಲದಿರೋದು, ಆಂಬುಲೆನ್ಸ್‌ಗೆ ದಾರಿ ಬಿಡದಿರೋದು ಇವೆಲ್ಲ ಅದರಲ್ಲಿ ಬರುತ್ತವೆ. ಇವುಗಳಲ್ಲಿ ಪೊಲೀಸರು ಕಾರ್ಡ್ ವಶಕ್ಕೆ ಪಡೆದು ಆರ್‌ಟಿಒಗೆ ಕಳಿಸಬೇಕು ಎಂದೇ ಕಾಯ್ದೆ ಹೇಳುತ್ತೆ. ಹೆಲ್ಮೆಟ್ ಮತ್ತು ತ್ರಿಬಲ್ ರೈಡಿಂಗ್‌ಗೆ ಮೂರು ತಿಂಗಳ ಅನರ್ಹತೆ 194ಡಿ, 194ಸಿ ಕಲಂಗಳಲ್ಲೇ ಇದೆ. ದಂಡದ ಮೊತ್ತವನ್ನು ನಮ್ಮ ರಾಜ್ಯ ಇಳಿಸಿತು ನಿಜ, ಮೂರು ತಿಂಗಳ ಅನರ್ಹತೆ ಮಾತ್ರ ಹಾಗೇ ಉಳಿದಿದೆ.

ನಮ್ಮ ಹೋಬಳಿಗೆ ಹೆಚ್ಚು ತಟ್ಟೋದು ಇನ್ನೊಂದು. ಸರಕು ಗಾಡಿಯಲ್ಲಿ ಜನರನ್ನು ಸಾಗಿಸೋದು. ಕಳೆ ಕೀಳೋಕೆ, ಕಬ್ಬು ಕಡಿಯೋಕೆ ಆಳುಗಳನ್ನು ಟಾಟಾ ಏಸ್‌ನಲ್ಲಿ, ಪಿಕಪ್‌ನಲ್ಲಿ ತುಂಬಿಕೊಂಡು ಹೋಗೋದು, ಬೀಗರೂಟಕ್ಕೆ ನೆಂಟರನ್ನು ಕರೆದುಕೊಂಡು ಹೋಗೋದು ಇಲ್ಲಿ ತಪ್ಪು ಅಂತಲೇ ಯಾರಿಗೂ ಅನಿಸೋದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 21ನೇ ನಿಯಮದ ಪಟ್ಟಿಯಲ್ಲಿ ಇದೂ ಇದೆ, ಓವರ್‌ಲೋಡ್ ಕೂಡ ಇದೆ. ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರ ಆಗಸ್ಟ್‌ನಲ್ಲಿ ಎಲ್ಲ ರಾಜ್ಯಗಳಿಗೆ ಒಂದು ಸೂಚನೆ ಕೊಟ್ಟಿತು. ಅತಿವೇಗ, ಕೆಂಪು ದೀಪ ದಾಟುವುದು, ಓವರ್‌ಲೋಡ್, ಸರಕು ಗಾಡಿಯಲ್ಲಿ ಜನ, ಕುಡಿದು ಚಾಲನೆ, ಚಾಲನೆ ವೇಳೆ ಮೊಬೈಲ್ ಇವುಗಳಿಗೆ ಕನಿಷ್ಠ ಮೂರು ತಿಂಗಳು ಅಮಾನತು ಮಾಡಬೇಕು ಅನ್ನೋದೇ ಆ ಸೂಚನೆ. ಸಾರಿಗೆ ಇಲಾಖೆಯವರು ಇದನ್ನೂ ಆಧಾರವಾಗಿ ತೋರಿಸ್ತಾರೆ.

ಬೆಂಗಳೂರು–ಮೈಸೂರು ಹೆದ್ದಾರಿಯ ವಿಷಯ ಬೇರೆಯದೇ ಇದೆ. ಅಲ್ಲಿ ಕ್ಯಾಮೆರಾ ನೋಡುತ್ತೆ, ವೇಗಮಿತಿ ಗಂಟೆಗೆ 100 ಕಿ.ಮೀ. 130 ದಾಟಿದರೆ ಎಫ್‌ಐಆರ್ ದಾಖಲಿಸುವುದಾಗಿ ರಾಜ್ಯ ಪೊಲೀಸರು ಪ್ರಕಟಿಸಿ 2024ರ ಆಗಸ್ಟ್ 1ರಿಂದ ಜಾರಿಗೆ ತಂದರು. ಕ್ಯಾಮೆರಾ ಕೇಸಿನ ನೋಟಿಸ್ ಹೋಗೋದು ಗಾಡಿ ಯಾರ ಹೆಸರಲ್ಲಿದೆಯೋ ಅವರಿಗೆ. ಅಂಗಡಿ ಹೆಸರಿನ ಗಾಡಿಯನ್ನು ಹುಡುಗ ಓಡಿಸಿದ್ದರೆ ಯಾರು ಓಡಿಸುತ್ತಿದ್ದರು ಅಂತ ಕೇಳಿದಾಗ ತಿಳಿಸುವ ಹೊಣೆ ಮಾಲೀಕರದು. ದಿನಾಂಕ ಹಾಕಿ ಯಾವ ಗಾಡಿಯನ್ನು ಯಾರು ತೆಗೆದುಕೊಂಡು ಹೋದರು ಅಂತ ಬರೆದಿಡುವ ಒಂದು ನೋಟ್‌ಬುಕ್ ಅಂಗಡಿಯಲ್ಲಿದ್ದರೆ ಸಾಕು. ಬೇರೆಯವರ ತಪ್ಪು ನಿಮ್ಮ ಡಿಎಲ್ ಮೇಲೆ ಬರೋದು ತಪ್ಪುತ್ತೆ.

ರಸ್ತೆಯಲ್ಲಿ ಕಾರ್ಡ್ ಕೇಳಿದಾಗ

ಕಾರ್ಡ್ ಕೊಟ್ಟರೆ ಸ್ವೀಕೃತಿ ಪತ್ರ ಪಡೆಯದೆ ಅಲ್ಲಿಂದ ಕದಲಬೇಡಿ. ಅದರಲ್ಲಿ ಯಾವ ಕಲಂ ಬರೆದಿದ್ದಾರೆ ನೋಡಿ. ಸಾಮಾನ್ಯ ಪ್ರಕರಣದಲ್ಲಿ ಕೊಡುವ ತಾತ್ಕಾಲಿಕ ಸ್ವೀಕೃತಿ ಇಟ್ಟುಕೊಂಡು ಅದರಲ್ಲಿ ನಮೂದಿಸಿದ ದಿನದವರೆಗೆ ಗಾಡಿ ಓಡಿಸಬಹುದು. ಆದರೆ 206(4)ರ ಅಡಿ ಕಾರ್ಡ್ ಹೋಗಿದ್ದರೆ ಆ ಸ್ವೀಕೃತಿ ಗಾಡಿ ಓಡಿಸುವ ಅನುಮತಿ ಅಲ್ಲ, ಇದನ್ನು ಕಾಯ್ದೆಯೇ ಸ್ಪಷ್ಟವಾಗಿ ಹೇಳಿದೆ. ಎರಡೂ ಚೀಟಿ ನೋಡೋಕೆ ಒಂದೇ ಥರ ಇರೋದರಿಂದ ಜನ ಇಲ್ಲೇ ಎಡವೋದು. ಮೊಬೈಲಿನ ಡಿಜಿಲಾಕರ್‌ನಲ್ಲಿ ಕಾರ್ಡಿನ ಚಿತ್ರ ಇದೆ ಅನ್ನೋದೂ ಇಲ್ಲಿ ಉಪಯೋಗಕ್ಕೆ ಬರಲ್ಲ.

ಇನ್ನೊಂದು ಮಾತು. ಸ್ಥಳದಲ್ಲೇ ದಂಡ ಕಟ್ಟಿ ರಾಜಿ ಮಾಡಿಕೊಂಡರೂ, ಸರ್ಕಾರ 2023ರಲ್ಲಿ ಮತ್ತು 2025ರಲ್ಲಿ ಕೊಟ್ಟಂತೆ ಶೇ 50 ರಿಯಾಯಿತಿಯಲ್ಲಿ ಹಳೆ ದಂಡ ತೀರಿಸಿದರೂ, ಅಮಾನತಿನ ಪ್ರಕ್ರಿಯೆ ತಾನಾಗಿ ನಿಲ್ಲೋದಿಲ್ಲ. ದಂಡ ಕಟ್ಟಿದ್ದರಿಂದ 206(4)ರ ಕ್ರಮದಿಂದ ಬಿಡುಗಡೆ ಇಲ್ಲ ಅಂತ 200ನೇ ಕಲಮಿನಲ್ಲೇ ಇದೆ. ಅಷ್ಟೇ ಅಲ್ಲ, ಕಟ್ಟಿದ ದಂಡ ಮೊದಲನೇ ತಪ್ಪು ಎಂದು ಲೆಕ್ಕಕ್ಕೆ ಸೇರುತ್ತೆ. ಮುಂದಿನ ಸಲ ಅದೇ ತಪ್ಪು ಮಾಡಿದರೆ ಅದು ಎರಡನೆಯದು.

ಆರ್‌ಟಿಒ ನೋಟಿಸ್: ಇಲ್ಲಿ ಮೈಮರೆಯಬೇಡಿ

ಅಮಾನತು ಮಾಡುವ ಮೊದಲು ಚಾಲಕನ ಮಾತು ಕೇಳಬೇಕು, ಆದೇಶದಲ್ಲಿ ಕಾರಣ ಬರೆಯಬೇಕು. ಇದು ಕಾನೂನು ಕೊಟ್ಟ ಹಕ್ಕು. ಅದಕ್ಕೇ ಕಾರಣ ಕೇಳಿ ನೋಟಿಸ್ ಬರುತ್ತೆ. ಬಹಳಷ್ಟು ಅಮಾನತು ಆಗೋದು ತಪ್ಪು ಸಾಬೀತಾಗಿದ್ದಕ್ಕಲ್ಲ, ನೋಟಿಸ್‌ಗೆ ಉತ್ತರವೇ ಬರಲಿಲ್ಲ ಅನ್ನೋದಕ್ಕೆ. ಡಿಎಲ್‌ನಲ್ಲಿ ಹಳೇ ವಿಳಾಸ, ಆರ್‌ಸಿಯಲ್ಲಿ ಬಂದ್ ಆಗಿರೋ ಸಿಮ್ ನಂಬರ್ ಇದ್ದರೆ ನೋಟಿಸ್ ಬಂದಿದ್ದೇ ಗೊತ್ತಾಗಲ್ಲ. ಇವತ್ತೇ ಪರಿವಾಹನ್ ವೆಬ್‌ಸೈಟ್‌ನಲ್ಲಿ ಎರಡನ್ನೂ ಸರಿಪಡಿಸಿಕೊಳ್ಳಿ. ಅಲ್ಲೇ ನಿಮ್ಮ ಡಿಎಲ್ ಸ್ಥಿತಿ ಕೂಡ ಕಾಣುತ್ತೆ.

ಉತ್ತರವನ್ನು ಕನ್ನಡದಲ್ಲೇ ಬರೆಯಬಹುದು. ಉದ್ದ ಬೇಡ. ಹೀಗೆ ಬರೆದರೆ ನಡೆಯುತ್ತೆ:

"ತಮ್ಮ ನೋಟಿಸ್ ಸಂಖ್ಯೆ … ದಿನಾಂಕ … ಕ್ಕೆ ಉತ್ತರ. ಇದು ನನ್ನ ಮೊದಲನೇ ಪ್ರಕರಣ. ನನ್ನ ಡಿಎಲ್ ದಿನಾಂಕ … ರಿಂದ ಪೊಲೀಸರ ವಶದಲ್ಲಿದ್ದು ಅಂದಿನಿಂದ ನಾನು ವಾಹನ ಚಲಾಯಿಸಿಲ್ಲ. ಸರಕು ಸಾಗಣೆಯೇ ನನ್ನ ಕುಟುಂಬದ ಜೀವನಾಧಾರ. ಆರೋಪಿಸಿರುವ ತಪ್ಪು ದ್ವಿಚಕ್ರ ವಾಹನಕ್ಕೆ ಸಂಬಂಧಿಸಿದ್ದು. ಆದ್ದರಿಂದ ನನ್ನನ್ನು ಪ್ರಕರಣದಿಂದ ಬಿಡುಗಡೆ ಮಾಡಬೇಕಾಗಿ, ಇಲ್ಲವಾದಲ್ಲಿ ಆದೇಶವನ್ನು ದ್ವಿಚಕ್ರ ವಾಹನ ವರ್ಗಕ್ಕೆ ಸೀಮಿತಗೊಳಿಸಿ, ಅವಧಿಯನ್ನು ಕಾರ್ಡ್ ವಶಪಡಿಸಿಕೊಂಡ ದಿನದಿಂದ ಎಣಿಸಬೇಕಾಗಿ ಕೋರುತ್ತೇನೆ. ಖುದ್ದಾಗಿ ಹೇಳಿಕೊಳ್ಳಲು ಅವಕಾಶ ಕೊಡಬೇಕು."

ಆ "ವರ್ಗಕ್ಕೆ ಸೀಮಿತಗೊಳಿಸಿ" ಅನ್ನೋ ಮಾತು ಬಹಳ ಮುಖ್ಯ. 19ನೇ ಕಲಮಿನಲ್ಲಿ ಅನರ್ಹತೆ ಕಾರ್ಡಿನಲ್ಲಿರುವ "ಎಲ್ಲ ಅಥವಾ ಯಾವುದೇ" ವರ್ಗದ ವಾಹನಕ್ಕೆ ಎಂದಿದೆ. ಎಲ್ಲಕ್ಕೂ ಹಾಕಲೇಬೇಕು ಅಂತೇನಿಲ್ಲ. ಕೇಳದಿದ್ದರೆ ಮಾತ್ರ ಯಾರೂ ತಾವಾಗಿ ಕೊಡೋದಿಲ್ಲ. 206(4)ರಲ್ಲಿ ಬಂದ ಮೊದಲ ಪ್ರಕರಣಕ್ಕೆ ಮೂರು ತಿಂಗಳು, ಎರಡನೇ ಸಲಕ್ಕೆ ಡಿಎಲ್ಲೇ ರದ್ದು. ಬಿಡುಗಡೆ ಮಾಡುವ ಅವಕಾಶವೂ ಅಧಿಕಾರಿಗೆ ಇದೆ. ನಿಜವಾಗಿ ಮಾಡದ ತಪ್ಪನ್ನು ಒಪ್ಪಿಕೊಂಡು ಬರೆಯಬೇಡಿ, ಮಾಡಿದ್ದನ್ನು ಸುಳ್ಳು ಹೇಳಿ ಮುಚ್ಚಲೂ ಹೋಗಬೇಡಿ. ಉತ್ತರದ ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಸೀಲು ಹಾಕಿಸಿಕೊಂಡು ಮನೆಗೆ ತನ್ನಿ.

ಆದೇಶ ಆಗಿಹೋಗಿದ್ದರೆ

ಆದೇಶ ಕೈಗೆ ಸಿಕ್ಕ ದಿನದಿಂದ 30 ದಿನದೊಳಗೆ ಮೇಲ್ಮನವಿ ಹಾಕಬೇಕು. ಯಾರಿಗೆ ಅನ್ನೋದನ್ನ ಆದೇಶದಲ್ಲೇ ನೋಡಿ, ಬರೆದಿಲ್ಲದಿದ್ದರೆ ಆ ಕಚೇರಿಯಲ್ಲೇ ಕೇಳಿ. ಕಾಲಭೈರವೇಶ್ವರ ಬಸಪ್ಪನ ಮುಂದೆ ಹೇಳಿಕೊಂಡರೆ ಮನಸ್ಸಿಗೆ ಸಮಾಧಾನ ಸಿಗಬಹುದು, 30 ದಿನದ ಲೆಕ್ಕ ಮಾತ್ರ ನಿಲ್ಲಲ್ಲ. ಕಡತದ ಪ್ರತಿ ಬೇಕು ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕಾಯುತ್ತಾ ಕೂರಬೇಡಿ. ಅದಕ್ಕೆ ಉತ್ತರ ಕೊಡೋಕೂ 30 ದಿನ ಸಮಯ ಇರುತ್ತೆ. ಮೊದಲು ಮೇಲ್ಮನವಿ ಹಾಕಿ, ಜೊತೆಗೇ ತಡೆಯಾಜ್ಞೆ ಕೇಳಿ. ಮೇಲ್ಮನವಿ ಹಾಕಿದ ಮಾತ್ರಕ್ಕೆ ಗಾಡಿ ಓಡಿಸಬಹುದು ಅಂತಲ್ಲ.

ನೋಟಿಸೇ ಕೊಡದೆ, ಮಾತೇ ಕೇಳದೆ ಅಮಾನತು ಮಾಡಿದ್ದರೆ ಅದೇ ಮೇಲ್ಮನವಿಯ ಮೊದಲ ಅಂಶ ಆಗಬೇಕು. ಬೆಂಗಳೂರಿನ ಹೈಕೋರ್ಟಿನಲ್ಲಿ ರಿಟ್ ಅರ್ಜಿಯ ದಾರಿಯೂ ಇದೆ. ಆದರೆ ಮೂರು ತಿಂಗಳ ಅಮಾನತಿಗೆ ಆ ಖರ್ಚು, ಓಡಾಟ ಗಿಟ್ಟುತ್ತಾ ಅಂತ ವಕೀಲರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಡಿಎಲ್ ರದ್ದೇ ಆಗಿದ್ದರೆ ಲೆಕ್ಕ ಬೇರೆ.

ಕುಡಿದು ಓಡಿಸಿದ ಪ್ರಕರಣದಲ್ಲಿ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ದಾಟಿದರೆ ಕೇಸು. ಇದು ಸ್ಥಳದಲ್ಲಿ ರಾಜಿ ಆಗೋದಲ್ಲ, ಕೋರ್ಟಿಗೇ ಹೋಗಬೇಕು. ಮೊದಲ ಸಲಕ್ಕೆ ₹10,000 ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ. ಕೋರ್ಟಿನಲ್ಲಿ "ತಪ್ಪಾಯ್ತು ಸ್ವಾಮಿ" ಅಂತ ಒಪ್ಪಿಕೊಂಡು ದಂಡ ಕಟ್ಟಿ ಬರುವ ಮೊದಲು ಡಿಎಲ್ ಏನಾಗುತ್ತೆ ಅಂತ ವಕೀಲರನ್ನು ಕೇಳಿ. ಒಪ್ಪಿಕೊಂಡಿದ್ದೇ ಆಮೇಲೆ ಆರ್‌ಟಿಒ ಮುಂದೆ ನಿಮ್ಮ ವಿರುದ್ಧ ನಿಲ್ಲುತ್ತೆ. ಕೋರ್ಟೇ ಅನರ್ಹಗೊಳಿಸಿದ್ದರೆ ಮೇಲ್ಮನವಿ ಹೋಗೋದು ಮೇಲಿನ ಕೋರ್ಟಿಗೆ, ಆರ್‌ಟಿಒ ಕಚೇರಿಗಲ್ಲ.

ವಕೀಲರಿಗೆ ಕೊಡೋಕೆ ದುಡ್ಡಿಲ್ಲದಿದ್ದರೆ

ಮದ್ದೂರು ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ, ಮಂಡ್ಯದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಮಳವಳ್ಳಿಯವರಿಗೆ ಅವರ ತಾಲ್ಲೂಕಿನ ಸಮಿತಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರು, ಮಹಿಳೆಯರು, ಅಂಗವಿಕಲರು, ಬಂಧನದಲ್ಲಿರುವವರು ಇವರಿಗೆಲ್ಲ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗ್ತಾರೆ. ಉಳಿದವರಿಗೆ ಆದಾಯ ಮಿತಿ ಇದೆ, ತಹಶೀಲ್ದಾರ್ ಕೊಟ್ಟ ಆದಾಯ ಪ್ರಮಾಣಪತ್ರ ಇಟ್ಟುಕೊಂಡು ಹೋಗಿ. ಫೋನಿನಲ್ಲೇ ಸಲಹೆ ಬೇಕಿದ್ದರೆ 15100.

ಹೋಗುವಾಗ ನೋಟಿಸ್, ಪೊಲೀಸ್ ಸ್ವೀಕೃತಿ, ದಂಡದ ರಸೀದಿ, ಡಿಎಲ್ ಜೆರಾಕ್ಸ್, ಆದೇಶ ಕೈಗೆ ಬಂದ ದಿನ ತೋರಿಸುವ ಅಂಚೆ ಲಕೋಟೆ ಎಲ್ಲ ಒಯ್ಯಿರಿ. ಲಕೋಟೆ ಹರಿದು ಬಿಸಾಡಬೇಡಿ, 30 ದಿನ ಎಣಿಸೋದೇ ಅದರಿಂದ. ದುಡ್ಡು ಕೊಟ್ಟು ವಕೀಲರನ್ನು ಹಿಡಿಯೋದಾದರೆ ಆರ್‌ಟಿಒ ಮುಂದಿನ ಉತ್ತರ, ಮೇಲ್ಮನವಿ, ಕೋರ್ಟ್ ಕೇಸು ಇವುಗಳಲ್ಲಿ ಯಾವುದಕ್ಕೆ ಎಷ್ಟು ಅಂತ ಬಿಡಿಬಿಡಿಯಾಗಿ ಕೇಳಿ. ಕಚೇರಿ ಹೊರಗೆ "ಕಾರ್ಡ್ ನಾಳೆಯೇ ತರಿಸ್ತೀನಿ" ಅನ್ನೋ ಏಜೆಂಟರಿಗೆ ಒಂದು ರೂಪಾಯಿ ಕೊಡಬೇಡಿ. ಅಮಾನತಿನ ಮಾಹಿತಿ ಕಂಪ್ಯೂಟರಿನಲ್ಲಿದೆ, ಕಾರ್ಡ್ ತರಿಸಿಕೊಟ್ಟರೂ ಅದು ಅಳಿಸಲ್ಲ.

ಅಮಾನತಿನಲ್ಲಿರುವಾಗ ಓಡಿಸಿದರೆ

182ನೇ ಕಲಂ ಪ್ರಕಾರ ಮೂರು ತಿಂಗಳವರೆಗೆ ಜೈಲು ಅಥವಾ ₹10,000 ದಂಡ ಅಥವಾ ಎರಡೂ. ಗೊತ್ತಿದ್ದೂ ಗಾಡಿ ಕೊಟ್ಟ ಮಾಲೀಕರಿಗೆ ಕಾಯ್ದೆಯಲ್ಲಿ ಮೂರು ತಿಂಗಳವರೆಗೆ ಜೈಲು ಅಥವಾ ₹5,000 ದಂಡ ಅಥವಾ ಎರಡೂ. ಇದಕ್ಕಿಂತ ಭಯಪಡಬೇಕಾದ್ದು ಅಪಘಾತಕ್ಕೆ. ಚಾಲಕನ ಬಳಿ ಊರ್ಜಿತ ಡಿಎಲ್ ಇಲ್ಲದಾಗ ಯಾರಿಗಾದರೂ ಗುದ್ದಿದರೆ, ವಿಮಾ ಕಂಪನಿ ಗಾಯಾಳುವಿಗೆ ಪರಿಹಾರ ಕೊಟ್ಟು ಆಮೇಲೆ ಮಾಲೀಕರಿಂದ ವಸೂಲಿ ಮಾಡಲು ಕೋರ್ಟ್ ಅನುಮತಿ ಕೊಡಬಹುದು. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ದಾರಿ ಹಾಕಿಕೊಟ್ಟಿದೆ. ಲಕ್ಷಗಟ್ಟಲೆ ಪರಿಹಾರಕ್ಕೆ ಅಂಗಡಿ, ಜಮೀನು ಎರಡೂ ಹೊಣೆಗೆ ಸಿಕ್ಕಿಕೊಂಡಂತೆ. ಡ್ರೈವರ್ ಇಟ್ಟುಕೊಂಡಿರುವ ವ್ಯಾಪಾರಿಗಳು ಆಗಾಗ ಪರಿವಾಹನ್‌ನಲ್ಲಿ ಅವರ ಡಿಎಲ್ ಸ್ಥಿತಿ ನೋಡಿದರೆ ಐದು ನಿಮಿಷದ ಕೆಲಸ. ಅಮಾನತಿನ ಅವಧಿಯಲ್ಲಿ ಹೊಸ ಎಲ್‌ಎಲ್‌ಆರ್ ಮಾಡಿಸಿಕೊಳ್ಳೋಣ ಅನ್ನೋದೂ ನಡೆಯಲ್ಲ, ಅದಕ್ಕೂ ಅನರ್ಹತೆ ಅನ್ವಯಿಸುತ್ತೆ.

ಅವಧಿ ಮುಗಿದ ಮೇಲೆ

ತಾನಾಗಿ ಕಾರ್ಡ್ ಮನೆಗೆ ಬರುತ್ತೆ ಅಂತ ಕಾಯಬೇಡಿ. 206(4)ರಲ್ಲಿ ಹೋದ ಕಾರ್ಡ್ ವಾಪಸ್ ಸಿಗೋಕೆ ಚಾಲಕರ ಪುನಶ್ಚೇತನ ತರಬೇತಿ ಮುಗಿಸಿರಬೇಕು ಎಂದು 19ನೇ ಕಲಂ ಹೇಳುತ್ತೆ. ಯಾವ ಕೇಂದ್ರದ ಪ್ರಮಾಣಪತ್ರ ನಡೆಯುತ್ತೆ ಅಂತ ಅಮಾನತಿನ ಅವಧಿಯಲ್ಲೇ ಆರ್‌ಟಿಒದಲ್ಲಿ ಕೇಳಿ ಮುಗಿಸಿಬಿಡಿ, ಕೊನೇ ದಿನದವರೆಗೆ ಇಟ್ಟುಕೊಂಡರೆ ಇನ್ನಷ್ಟು ದಿನ ದುಡಿಮೆ ಹೋಗುತ್ತೆ. ಕಾರ್ಡ್ ಕೈಗೆ ಬಂದ ಮೇಲೂ ಪರಿವಾಹನ್‌ನಲ್ಲಿ ಸ್ಥಿತಿ ಬದಲಾಗಿದೆಯಾ ನೋಡಿ. ಅಲ್ಲಿ ಇನ್ನೂ ಅಮಾನತು ಅಂತಲೇ ತೋರಿಸುತ್ತಿದ್ದರೆ ಕಚೇರಿಯಲ್ಲಿ ಲಿಖಿತ ಅರ್ಜಿ ಕೊಟ್ಟು ಸರಿಪಡಿಸಿಕೊಂಡ ಮೇಲೇ ಗಾಡಿ ತೆಗೆಯಿರಿ, ಅಲ್ಲಿಯವರೆಗೆ ಆದೇಶದ ಪ್ರತಿ ಮತ್ತು ತರಬೇತಿ ಪ್ರಮಾಣಪತ್ರ ಜೋಪಾನವಾಗಿ ಇಟ್ಟುಕೊಳ್ಳಿ.