ಕಣ್ಣಿಗೆ ಕವಚ, ಮೈಗೆ ಖಾಕಿ

ಏರ್‌ಸಾಫ್ಟ್ ಎಂಬ ಆಟದ ಹೆಸರನ್ನು ನೀವು ಕೇಳಿರಬಹುದು. ಬಂದೂಕನ್ನು ಹೋಲುವ ಸಾಧನದಿಂದ 6 ಮಿಮೀ ವ್ಯಾಸದ ಪ್ಲಾಸ್ಟಿಕ್ ಗುಂಡುಗಳನ್ನು ಎದುರಾಳಿಯ ಮೇಲೆ ಹಾರಿಸುವ ಆಟವಿದು. ಬಣ್ಣದ ಗುಂಡಿನ ಪೇಂಟ್‌ಬಾಲ್ ಇದರ ಸೋದರಬಂಧು. ನಮ್ಮಲ್ಲಿ ಅದೇ ಹೆಚ್ಚು ಪರಿಚಿತ. ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಯುವಕರು ಇಂಥ ಆಟಕ್ಕೆ ಹೊರಟಾಗ ಮೊದಲು ಏಳುವ ಪ್ರಶ್ನೆ: ಕಡಿಮೆ ಖರ್ಚಿನಲ್ಲಿ ಏನು ತೊಡಬೇಕು? ಉತ್ತರಕ್ಕಾಗಿ ಈ ಉಡುಪುಗಳ ಚರಿತ್ರೆಯನ್ನು ಸ್ವಲ್ಪ ನೋಡೋಣ. ಅದರಲ್ಲಿ ನಮ್ಮ ಮಂಗಳೂರಿಗೂ ಒಂದು ಪಾಲಿದೆ.

ಆಟ ಹುಟ್ಟಿದ ಬಗೆ

ಬಂದೂಕಿನ ಮೇಲೆ ಕಟ್ಟುನಿಟ್ಟಾದ ನಿರ್ಬಂಧವಿರುವ ಜಪಾನಿನಲ್ಲಿ 1970ರ ದಶಕದಲ್ಲಿ ಏರ್‌ಸಾಫ್ಟ್ ಹುಟ್ಟಿತು. ಮೊದಲು ಸ್ಪ್ರಿಂಗ್, ಬಳಿಕ ಅನಿಲ ಬಳಕೆಗೆ ಬಂದವು. 1991ರಲ್ಲಿ ಟೋಕಿಯೊ ಮರುಯಿ ಸಂಸ್ಥೆ ಬ್ಯಾಟರಿಯಿಂದ ನಡೆಯುವ ಮಾದರಿಯನ್ನು ಮಾರುಕಟ್ಟೆಗೆ ತಂದಿತು.

ಪೇಂಟ್‌ಬಾಲಿನ ಮೂಲ ಕಾಡು ಮತ್ತು ದನದ ದೊಡ್ಡಿ. ಅಮೆರಿಕದಲ್ಲಿ ಮರಗಳನ್ನೂ ದನಗಳನ್ನೂ ದೂರದಿಂದ ಗುರುತು ಮಾಡಲು ಬಣ್ಣದ ಗುಂಡು ಹಾರಿಸುವ ಸಾಧನವಿತ್ತು. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್‌ನ ಹೆನಿಕರ್ ಬಳಿಯ ಕಾಡಿನಲ್ಲಿ 12 ಮಂದಿ ಅದನ್ನೇ ಹಿಡಿದು ಮೊದಲ ಆಟ ಆಡಿದರು. ಗೆದ್ದವನು ಒಂದು ಗುಂಡನ್ನೂ ಹಾರಿಸಿರಲಿಲ್ಲ! ಅವರು ಕಣ್ಣಿಗೆ ಹಾಕಿಕೊಂಡಿದ್ದದ್ದು ಕಾರ್ಖಾನೆಯ ಕನ್ನಡಕ. ಆಟಕ್ಕೆಂದೇ ಮುಖವಾಡಗಳು ಬಂದದ್ದು ಆಮೇಲೆ.

ಒಂದು ಜೂಲ್ ಎಂದರೆ ಎಷ್ಟು?

ಏರ್‌ಸಾಫ್ಟ್ ಗುಂಡಿನ ದ್ರವ್ಯರಾಶಿ ಸಾಮಾನ್ಯವಾಗಿ 0.2 ಗ್ರಾಮ್. ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಅದರ ಚಲನಶಕ್ತಿ 1 ಜೂಲ್. ನೂರು ಗ್ರಾಮಿನ ಸೇಬು ಒಂದು ಮೀಟರ್ ಎತ್ತರದಿಂದ ಬಿದ್ದರೂ ಇಷ್ಟೇ ಶಕ್ತಿ. ಹಾಗಾದರೆ ಭಯವೇಕೆ? ಶಕ್ತಿ ಎಷ್ಟು ಜಾಗದ ಮೇಲೆ ಬೀಳುತ್ತದೆ ಎಂಬುದೇ ಇಲ್ಲಿ ಮುಖ್ಯ. 6 ಮಿಮೀ ಗುಂಡಿನ ಅಡ್ಡಕೊಯ್ತದ ವಿಸ್ತೀರ್ಣ ಕೇವಲ 0.28 ಚದರ ಸೆಂ.ಮೀ. ಅಂದರೆ ಚದರ ಸೆಂ.ಮೀ.ಗೆ ಸುಮಾರು 3.5 ಜೂಲ್. 2006ರಲ್ಲಿ ಜಪಾನ್ ತನ್ನ ಕಾನೂನನ್ನು ತಿದ್ದಿದಾಗ ಇದೇ ಅಂಕಿಯನ್ನು ಮಿತಿಯಾಗಿ ಹಾಕಿಕೊಂಡಿತು.

ಪೇಂಟ್‌ಬಾಲಿನ ಗುಂಡು ಸುಮಾರು 17 ಮಿಮೀ, 3 ಗ್ರಾಮ್. ವೇಗ ಸೆಕೆಂಡಿಗೆ 90 ಮೀಟರ್ ತನಕ. ಶಕ್ತಿ ಸುಮಾರು 12 ಜೂಲ್. ಎರಡನ್ನೂ ಕಣ್ಣಿನೊಡನೆ ಹೋಲಿಸಿ. ನಮ್ಮ ಕಣ್ಣುಗುಡ್ಡೆಯ ವ್ಯಾಸ 24 ಮಿಮೀ. 72 ಮಿಮೀ ಇರುವ ಕ್ರಿಕೆಟ್ ಚೆಂಡನ್ನು ಹುಬ್ಬಿನ ಮತ್ತು ಕೆನ್ನೆಯ ಮೂಳೆಗಳು ಸ್ವಲ್ಪವಾದರೂ ತಡೆಯುತ್ತವೆ. ಹೀಗಿದ್ದೂ 2000ದಲ್ಲಿ ಢಾಕಾದಲ್ಲಿ ನಮ್ಮ ಅನಿಲ್ ಕುಂಬ್ಳೆಯವರ ಎಸೆತವೊಂದು ಕಣ್ಣಿಗೆ ಬಡಿದು ವಿಕೆಟ್ ಕೀಪರ್ ಸಬಾ ಕರೀಮ್ ಅವರ ಆಟದ ಬದುಕೇ ಮೊಟಕಾಯಿತು. 2012ರಲ್ಲಿ ದಕ್ಷಿಣ ಆಫ್ರಿಕದ ಮಾರ್ಕ್ ಬೌಚರ್ ಕಣ್ಣಿಗೆ ಹಾರಿ ಬಡಿದದ್ದು ಹಗುರವಾದ ಒಂದು ಬೇಲ್, ಅವರೂ ನಿವೃತ್ತರಾದರು. 6 ಮಿಮೀ, 17 ಮಿಮೀ ಗುಂಡುಗಳಿಗಂತೂ ಮೂಳೆಗಳ ತಡೆಯೇ ಇಲ್ಲ. ಅವು ನೇರವಾಗಿ ಕಣ್ಣನ್ನೇ ಮುಟ್ಟುತ್ತವೆ.

ಗಾಜಿನಿಂದ ಪಾಲಿಕಾರ್ಬೊನೇಟಿಗೆ

ಹಿಂದೆ ರಕ್ಷಣಾ ಕನ್ನಡಕಗಳಿಗೆ ಹದಮಾಡಿದ ಗಾಜು ಬಳಸುತ್ತಿದ್ದರು. 1930ರ ದಶಕದಲ್ಲಿ ಹಗುರವಾದ ಆಕ್ರಿಲಿಕ್ ಬಂತು. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳ ಆಕ್ರಿಲಿಕ್ ಮುಚ್ಚಳ ಒಡೆದು ಅದರ ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕವು. ಕಣ್ಣು ಆ ಚೂರುಗಳನ್ನು ಸಹಿಸಿಕೊಂಡದ್ದನ್ನು ಕಂಡ ಬ್ರಿಟನ್ನಿನ ವೈದ್ಯ ಹೆರಾಲ್ಡ್ ರಿಡ್ಲಿ 1949ರಲ್ಲಿ ಪೊರೆಯ ರೋಗಿಯೊಬ್ಬರ ಕಣ್ಣಿನೊಳಗೆ ಕೃತಕ ಮಸೂರವನ್ನು ಕೂರಿಸಿದರು. ವೈದ್ಯಶಾಸ್ತ್ರಕ್ಕೆ ಅದು ವರವಾಯಿತು. ಆದರೆ ಪೆಟ್ಟು ಬಿದ್ದರೆ ಆಕ್ರಿಲಿಕ್ ಚೂರಾಗುತ್ತದೆ ಎಂಬ ಪಾಠವೂ ಅಲ್ಲಿದೆ.

1953ರಲ್ಲಿ ಜರ್ಮನಿಯ ಬೇಯರ್ ಸಂಸ್ಥೆಯ ಹರ್ಮನ್ ಶ್ನೆಲ್ ಮತ್ತು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಡೇನಿಯಲ್ ಫಾಕ್ಸ್ ಪರಸ್ಪರ ತಿಳಿಯದೆಯೇ ಪಾಲಿಕಾರ್ಬೊನೇಟನ್ನು ತಯಾರಿಸಿದರು. ಪೆಟ್ಟು ಬಿದ್ದಾಗ ಇದರ ಉದ್ದನೆಯ ಅಣುಸರಪಳಿಗಳು ಸರಿದು ಜಾಗ ಕೊಡುತ್ತವೆ. ಹಾಳೆ ಒಡೆಯದೆ ಬಾಗುತ್ತದೆ, ಶಕ್ತಿ ಅಲ್ಲೇ ವ್ಯಯವಾಗುತ್ತದೆ. ಚಂದ್ರನ ಮೇಲಿಳಿದವರ ಶಿರಸ್ತ್ರಾಣವೂ ಇದರದ್ದೇ.

ಮಂಗಳೂರಿನ ಖಾಕಿ

ಈಗ ಬಟ್ಟೆಯ ವಿಷಯ. 'ಖಾಕ್' ಎಂದರೆ ಪಾರಸಿ ಭಾಷೆಯಲ್ಲಿ ಧೂಳು. 1846ರಲ್ಲಿ ಪೇಶಾವರದಲ್ಲಿ ಹ್ಯಾರಿ ಲಮ್ಸ್‌ಡೆನ್ ಕಟ್ಟಿದ ಗೈಡ್ಸ್ ಪಡೆಯವರು ನೆಲದ ಬಣ್ಣದ ಬಟ್ಟೆ ತೊಟ್ಟರು. ಆಗಿನ ಬಣ್ಣಗಳು ಒಂದೇ ಸಮನಾಗಿ ಹಿಡಿಯುತ್ತಿರಲಿಲ್ಲ. 1851ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ನೇಯ್ಗೆ ಕಾರ್ಖಾನೆಗೆ ಬಂದ ಜಾನ್ ಹಾಲರ್ ಎಂಬ ನೇಕಾರ ಹದವಾದ ಖಾಕಿ ಬಣ್ಣವನ್ನು ರೂಪಿಸಿದನೆಂದು ಕರಾವಳಿಯ ಚರಿತ್ರೆ ಅವನಿಗೆ ಕೀರ್ತಿ ಸಲ್ಲಿಸುತ್ತದೆ. ಮುಂದೆ ಖಾಕಿ ಪೊಲೀಸರ, ಸೈನಿಕರ ಉಡುಪಾಗಿ ಲೋಕವೆಲ್ಲ ಹಬ್ಬಿತು.

ಬಯಲಿನಲ್ಲಿ ಮರೆಯಾಗಿ ಆಡಲು ನಿಮಗೂ ಅಷ್ಟೇ ಸಾಕು: ಮಣ್ಣಿನ ಅಥವಾ ಒಣಹುಲ್ಲಿನ ಬಣ್ಣದ, ಸಡಿಲವಾದ ದಪ್ಪ ಹತ್ತಿಯ ತುಂಬುತೋಳಿನ ಅಂಗಿ, ಹಳೆಯ ಪ್ಯಾಂಟು. ಸಡಿಲ ಬಟ್ಟೆ ಗುಂಡಿನೊಡನೆ ಸ್ವಲ್ಪ ದೂರ ಸರಿದು ಪೆಟ್ಟನ್ನು ಮಂದಗೊಳಿಸುತ್ತದೆ. ಮೈಗಂಟಿದ ಬಟ್ಟೆಗೆ ಈ ಗುಣವಿಲ್ಲ.

ಸೈನಿಕರ ಚಿತ್ತಾರದ ಸಮವಸ್ತ್ರ ಮಾತ್ರ ಬೇಡ. ಯಲಹಂಕ, ಜಾಲಹಳ್ಳಿಗಳಲ್ಲಿ ವಾಯುಪಡೆಯ ನೆಲೆಗಳಿವೆ. ಸೈನಿಕನೆಂದು ನಂಬಿಸುವ ಉದ್ದೇಶದಿಂದ ಅಂಥ ಉಡುಪು ತೊಡುವುದು ಭಾರತೀಯ ನ್ಯಾಯ ಸಂಹಿತೆಯ 168ನೇ ವಿಧಿಯಂತೆ ಅಪರಾಧ. ಭೂಸೇನೆ 2022ರಲ್ಲಿ ಹೊರತಂದ ಹೊಸ ಚಿತ್ತಾರದ ವಿನ್ಯಾಸವನ್ನೂ ನೋಂದಾಯಿಸಲಾಗಿದೆ.

ಕೊಳ್ಳುವಾಗ

ಹಣವಿರುವಷ್ಟನ್ನೂ ಮೊದಲು ಕಣ್ಣಿಗೆ ಖರ್ಚು ಮಾಡಿ. ಅಂಗಡಿಯವರ ಮಾತಿಗಿಂತ ಚೌಕಟ್ಟಿನ ಮೇಲಿನ ಗುರುತನ್ನು ನಂಬಿ. ಅಮೆರಿಕದ 'ಜೆಡ್ 87 ಪ್ಲಸ್' ಗುರುತಿನ ಕನ್ನಡಕವನ್ನು 6.35 ಮಿಮೀ ಉಕ್ಕಿನ ಗುಂಡಿನಿಂದ ಸೆಕೆಂಡಿಗೆ 45.7 ಮೀಟರ್ ವೇಗದಲ್ಲಿ ಹೊಡೆದು ಪರೀಕ್ಷಿಸುತ್ತಾರೆ. ಶಕ್ತಿ ಸುಮಾರು 1.1 ಜೂಲ್. ಯುರೋಪಿನ 'ಇಎನ್ 166' ಮಾನಕದಲ್ಲಿ 'ಬಿ' ಅಕ್ಷರವಿರುವ ಗಾಗಲ್ಸ್ ಸುಮಾರು 6 ಜೂಲ್ ತಡೆಯಬೇಕು. ಆದ್ದರಿಂದ ಏರ್‌ಸಾಫ್ಟ್‌ಗೆ ಮುಖಕ್ಕೆ ಸುತ್ತಲೂ ಅಂಟಿ ಕೂರುವ 'ಬಿ' ದರ್ಜೆಯ ಗಾಗಲ್ಸ್ ಒಳ್ಳೆಯ ಆಯ್ಕೆ. ಯಶವಂತಪುರದಾಚೆಯ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಕಾರ್ಮಿಕರ ಸುರಕ್ಷಾ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ಇಂಥದ್ದನ್ನು ವಿಚಾರಿಸಿ. 12 ಜೂಲ್ ಶಕ್ತಿಯ ಪೇಂಟ್‌ಬಾಲಿಗೆ ಇದೂ ಸಾಲದು. ಆ ಆಟಕ್ಕೆಂದೇ ಮಾಡಿದ ಮುಖವಾಡವೇ ಬೇಕು.

ತಂತಿಬಲೆಯ ಕನ್ನಡಕ ಅಗ್ಗ, ಮಂಜೂ ಕಟ್ಟದು. ಆದರೆ ಒಡೆದ ಗುಂಡಿನ ಚೂರುಗಳು ಬಲೆಯ ಕಣ್ಣಿನಲ್ಲಿ ನುಸುಳುತ್ತವೆ. ದಿನನಿತ್ಯದ ಕನ್ನಡಕ ರಕ್ಷಣೆಯಲ್ಲ. ಅದರ ಮೇಲೆ ಗಾಗಲ್ಸ್ ಹಾಕಲೇಬೇಕು. ಪಾಲಿಕಾರ್ಬೊನೇಟನ್ನು ಥಿನ್ನರ್, ಅಸಿಟೋನ್‌ಗಳಿಂದ ಒರೆಸಿದರೆ ಸೂಕ್ಷ್ಮ ಬಿರುಕುಗಳೆದ್ದು ಅದರ ಬಲವೇ ಹೋಗುತ್ತದೆ. ನೀರು, ಮೃದು ಸೋಪು ಸಾಕು. ಒಮ್ಮೆ ಜೋರಾದ ಪೆಟ್ಟು ತಿಂದ ಮಸೂರವನ್ನು ಬದಲಿಸಿ.

ಇನ್ನು ಕೊನೆಯ ಮಾತು. ಬೆವರಿ ಮಂಜು ಕಟ್ಟಿದಾಗ ಒರೆಸಲೆಂದು ಗಾಗಲ್ಸ್ ಎತ್ತುವ ಒಂದು ಗಳಿಗೆಯೇ ಅಪಾಯದ ಗಳಿಗೆ. ಕೊಳ್ಳುವಾಗಲೇ ಗಾಳಿಕಿಂಡಿ ಇರುವುದನ್ನು, ಮಂಜು ತಡೆಯುವ ಲೇಪವಿರುವುದನ್ನು ಆರಿಸಿ. ಆದರೂ ಮಂಜು ಕಟ್ಟಿದರೆ ಮೈದಾನದಿಂದ ಪೂರ್ತಿ ಹೊರಬಂದ ಮೇಲೆಯೇ ಅದನ್ನು ತೆಗೆಯಿರಿ. ಸೋತ ಆಟವನ್ನು ಮುಂದಿನ ಭಾನುವಾರ ಮತ್ತೆ ಆಡಬಹುದು. ಹೋದ ಕಣ್ಣಿಗೆ ಮುಂದಿನ ಭಾನುವಾರವಿಲ್ಲ.