ಶಾಯಿಯ ಬೆಲೆ: ಮನೆಯಲ್ಲಿ ಛಾಯಾಚಿತ್ರ ಮುದ್ರಣ ಬೆಳೆದುಬಂದ ಬಗೆ

ಕತ್ತಲೆಕೋಣೆ, ಎನ್‌ಲಾರ್ಜರು, ಡೆವಲಪರು, ಹೈಪೋ ಇವಿಷ್ಟನ್ನೂ ಒದಗಿಸಿಕೊಳ್ಳಬಲ್ಲ ಹವ್ಯಾಸಿಗೆ ಕಪ್ಪು ಬಿಳುಪಿನ ಚಿತ್ರವನ್ನು ಮನೆಯಲ್ಲಿಯೇ ಅಚ್ಚುಹಾಕುವುದು ಹಿಂದೆಯೂ ಅಸಾಧ್ಯವಾಗಿರಲಿಲ್ಲ. ಆದರೆ ವರ್ಣಚಿತ್ರದ ದ್ರಾವಣಗಳ ಉಷ್ಣತೆಯನ್ನು ಏರುಪೇರಾಗದಂತೆ ಕಾಯತಕ್ಕ ಸಲಕರಣೆಯೂ ಸಹನೆಯೂ ಉಳ್ಳವರು ವಿರಳವಾಗಿದ್ದುದರಿಂದ, ಬಣ್ಣದ ಫೋಟೋ ಎಂದರೆ ಸ್ಟುಡಿಯೋಕ್ಕೆ ಕೊಟ್ಟು ತರುವ ವಸ್ತುವೆಂಬ ಭಾವನೆ ಜನದಲ್ಲಿ ನೆಲೆಯೂರಿತ್ತು. ಈ ಪರಾವಲಂಬನವನ್ನು ತಪ್ಪಿಸಿದ ಇಂಕ್‌ಜೆಟ್ ಮುದ್ರಣದ ಕಥೆಯನ್ನು ಯಂತ್ರಗಳ ವಂಶಾವಳಿಯಾಗಿ ಹೇಳುವುದು ವಾಡಿಕೆ. ಕೈಯಿಂದ ಹಣ ತೆರುವ ಗೃಹಸ್ಥನಿಗಾದರೋ, ಖರ್ಚು ಯಾವಾಗ ಎಲ್ಲಿ ಅಡಗಿತ್ತೆಂಬುದೇ ಅದರಲ್ಲಿನ ಮುಖ್ಯ ವಿಷಯ.

ಶಾಯಿಯನ್ನು ಚಿಮ್ಮಿಸಿ ಬರೆಯಿಸುವ ಕಲ್ಪನೆ ಹಳೆಯದು. ಸ್ವೀಡನ್ನಿನ ರೂನೆ ಎಲ್ಮ್‌ಕ್ವಿಸ್ಟ್ 1951ರಲ್ಲಿ ಪೇಟೆಂಟ್ ಪಡೆದ ಉಪಕರಣ ವೈದ್ಯಕೀಯ ರೇಖೆಗಳನ್ನು ಬರೆಯುವುದಕ್ಕಾಗಿ ಹುಟ್ಟಿದುದು. 1977ರಲ್ಲಿ ಜಪಾನಿನ ಕ್ಯಾನನ್ ಸಂಸ್ಥೆಯ ಇಚಿರೋ ಎಂಡೋ ಅವರ ಪ್ರಯೋಗಶಾಲೆಯಲ್ಲಿ, ಶಾಯಿ ತುಂಬಿದ್ದ ಸಿರಿಂಜಿನ ಸೂಜಿಗೆ ಕಾದ ಬೆಸುಗೆಕಡ್ಡಿ ಅಕಸ್ಮಾತ್ತಾಗಿ ತಗಲಿ ಶಾಯಿ ಸಿಡಿದುದು, ಉಷ್ಣದಿಂದೇಳುವ ಗುಳ್ಳೆಯ ಒತ್ತಡದಿಂದ ಹನಿಯನ್ನು ಹೊರದೂಡುವ ಪದ್ಧತಿಗೆ ದಾರಿಯಾಯಿತು. ಬಹುಮಟ್ಟಿಗೆ ಅದೇ ಕಾಲದಲ್ಲಿ ಅಮೆರಿಕದ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯವರೂ ಸ್ವತಂತ್ರವಾಗಿ ಇದೇ ತತ್ತ್ವವನ್ನು ಕಂಡುಕೊಂಡು, 1984ರಲ್ಲಿ ಥಿಂಕ್‌ಜೆಟ್ಟನ್ನೂ 1988ರಲ್ಲಿ ಡೆಸ್ಕ್‌ಜೆಟ್ಟನ್ನೂ ಹೊರತಂದರು. ಎಪ್ಸನ್ ಸಂಸ್ಥೆ ಉಷ್ಣವನ್ನು ಬಿಟ್ಟು, ವಿದ್ಯುತ್ತಿಗೆ ಬಾಗುವ ಪೀಜೋ ಸ್ಫಟಿಕದಿಂದ ಹನಿಯನ್ನು ಒತ್ತುವ ಮಾರ್ಗ ಹಿಡಿಯಿತು. ಅಂಗುಲಕ್ಕೆ 720 ಚುಕ್ಕೆಗಳನ್ನಿಡುತ್ತಿದ್ದ ಅದರ 1994ರ ಸ್ಟೈಲಸ್ ಕಲರ್ ಯಂತ್ರವು ಛಾಯಾಚಿತ್ರದ ಸಮೀಪಕ್ಕೆ ಬಂದಿತು.

ಸಮೀಪಕ್ಕೆ ಬಂದಿತೇ ಹೊರತು ತಲಪಲಿಲ್ಲ. ಕೆನ್ನೆಯ ನಸುಗೆಂಪನ್ನು ತೋರಿಸಲು ಗಾಢವಾದ ಮೆಜೆಂಟಾ ಚುಕ್ಕೆಗಳನ್ನು ದೂರದೂರ ಇಡಬೇಕಾಗಿ, ಮುಖದ ಮೇಲೆ ಮರಳು ಉದುರಿದಂತೆ ಕಾಣುತ್ತಿತ್ತು. 1990ರ ದಶಕದ ಉತ್ತರಾರ್ಧದಲ್ಲಿ ತಿಳಿ ಸಯಾನ್, ತಿಳಿ ಮೆಜೆಂಟಾ ಎಂಬ ಎರಡು ಶಾಯಿಗಳು ಸೇರಿ ಆರು ಬಣ್ಣದ ಯಂತ್ರಗಳು ಬಂದ ಮೇಲೆಯೇ ಆ ದೋಷ ಕಣ್ಮರೆಯಾಯಿತು.

ಆಗ ಬಾಳಿಕೆಯ ಪ್ರಶ್ನೆ ಮೇಲೆದ್ದಿತು. ಸಂಗೀತಗಾರ ಗ್ರಹಾಂ ನ್ಯಾಶ್ 1991ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆರೆದ ನ್ಯಾಶ್ ಎಡಿಷನ್ಸ್ ಮುದ್ರಣಾಲಯವು, ಲಕ್ಷ ಡಾಲರಿಗೂ ಮಿಗಿಲಾದ ಐರಿಸ್ ಎಂಬ ಇಂಕ್‌ಜೆಟ್ ಯಂತ್ರದಿಂದ ಕಲಾಕೃತಿಯ ಮಟ್ಟದ ಪ್ರತಿಗಳನ್ನು ತೆಗೆದರೂ ಮೊದಲಿನ ಶಾಯಿಗಳು ಬೆಳಕಿಗೆ ಬೇಗನೆ ಮಾಸುತ್ತಿದ್ದುವು. ಮನೆಯ ಯಂತ್ರಗಳೂ ಈ ಪೀಡೆಗೆ ಹೊರತಾಗಲಿಲ್ಲ: 2000ದಲ್ಲಿ ಬಂದ ಎಪ್ಸನ್ 870, 1270 ಯಂತ್ರಗಳ ಕೆಲವು ಚಿತ್ರಗಳು ಗಾಳಿಗೆ ತೆರೆದಿಟ್ಟಲ್ಲಿ ಬಹು ಬೇಗ ಕಿತ್ತಳೆಬಣ್ಣಕ್ಕೆ ತಿರುಗಿದುವು. ಥಟ್ಟನೆ ಒಣಗಲೆಂದು ಸೂಕ್ಷ್ಮರಂಧ್ರಗಳಿಂದ ಕೂಡಿಸಿದ್ದ ಕಾಗದದ ಲೇಪ, ಶಾಯಿಯನ್ನು ಹೀರುವಂತೆಯೇ ವಾಯುವಿನ ಓಜೋನಿಗೂ ಎಡೆಗೊಡುತ್ತಿತ್ತು. ಓಜೋನು ಸಯಾನನ್ನು ತಿನ್ನಲು, ಮಿಕ್ಕ ಬಣ್ಣಗಳು ಕಿತ್ತಳೆಯಾಗಿ ಕಾಣಿಸಿಕೊಂಡುವು. ಕರಗಿದ ಬಣ್ಣದ (ಡೈ) ಬದಲು ಕಣರೂಪದ ಪಿಗ್ಮೆಂಟನ್ನು ಬಳಸುವ ಶಾಯಿಗಳು ಈ ವ್ಯಾಧಿಗೆ ಮದ್ದಾದುವಾದರೂ, ಅವುಗಳ ಬೆಲೆ ಸಾಮಾನ್ಯನ ಕೈಗೆ ಎಟುಕತಕ್ಕದ್ದಾಗಿರಲಿಲ್ಲ. ಡೈ ಶಾಯಿಯ ಚಿತ್ರವನ್ನು ಗಾಜಿನ ಚೌಕಟ್ಟಿನಲ್ಲೋ ಆಲ್ಬಮ್ಮಿನಲ್ಲೋ ಇಡುವುದೇ ಇಂದಿಗೂ ಅಗ್ಗದ ಉಪಾಯ.

ಇಷ್ಟು ದಿನವೂ ಯಂತ್ರವನ್ನು ಕಡಮೆ ಕ್ರಯಕ್ಕೆ ಕೊಟ್ಟು ಕಾರ್ಟ್ರಿಜ್‌ನಲ್ಲಿ ಲಾಭವನ್ನು ಎತ್ತುವ ವ್ಯಾಪಾರನೀತಿಯೇ ನಡೆದಿತ್ತು. ಅದಕ್ಕೆ ಗ್ರಾಹಕರು ಕೊಟ್ಟ ಉತ್ತರ ನಮ್ಮ ಊರುಗಳ ಕಂಪ್ಯೂಟರ್ ಅಂಗಡಿಗಳಲ್ಲಿ ಕಾಣುತ್ತಿತ್ತು: ಖಾಲಿ ಕಾರ್ಟ್ರಿಜ್‌ಗೆ ಸಿರಿಂಜಿನಿಂದ ಶಾಯಿ ತುಂಬುವುದು, ಇಲ್ಲವೆ ಯಂತ್ರದ ಪಕ್ಕದಲ್ಲಿ ಬಾಟಲುಗಳನ್ನಿಟ್ಟು ಸಣ್ಣ ಕೊಳವೆಗಳ ಮೂಲಕ ಒಳಕ್ಕೆ ಹಾಯಿಸುವುದು. ಈ ಬೀದಿಬದಿಯ ಜಾಣತನವನ್ನು ತಯಾರಕರು ಕಡೆಗೆ ತಾವೇ ಅಂಗೀಕರಿಸಿದರು. 2010ರಲ್ಲಿ ಎಪ್ಸನ್ ಇಂಡೊನೇಷ್ಯದಲ್ಲಿ ಟ್ಯಾಂಕ್ ಸಹಿತವಾದ ಎಲ್ ಶ್ರೇಣಿಯನ್ನು ಬಿಡುಗಡೆಮಾಡಿತು; ಅನಂತರ ಅದು ಭಾರತಕ್ಕೂ ಬಂದಿತು; ಕ್ಯಾನನ್ ಮೊದಲಾದವರು ಹಿಂಬಾಲಿಸಿದರು. ಯಂತ್ರದ ಬೆಲೆ ಏರಿ ಶಾಯಿಯ ಬೆಲೆ ಇಳಿಯಿತು. ಪಾಸ್‌ಪೋರ್ಟ್ ಫೋಟೋ ತೆಗೆಯುವ ಸಣ್ಣ ಸ್ಟುಡಿಯೋಗಳಲ್ಲಿ ಆರು ಬಣ್ಣದ ಎಲ್ 805 ಮನೆಮಾತಾದುದು ಈ ಕಾರಣದಿಂದಲೇ. ನನ್ನ ದೃಷ್ಟಿಯಲ್ಲಿ, ಗೃಹಮುದ್ರಣವನ್ನು ಅಗ್ಗವಾಗಿಸಿದುದು ಚುಕ್ಕೆಯ ಸೂಕ್ಷ್ಮತೆಗಿಂತ ಮಿಗಿಲಾಗಿ ಈ ಬಾಟಲು.

ಆದರೆ ಈ ಅಗ್ಗವು ನಿತ್ಯದ ಬಳಕೆಯನ್ನು ಅಪೇಕ್ಷಿಸುತ್ತದೆ. ಯಂತ್ರವನ್ನು ತಿಂಗಳುಗಟ್ಟಲೆ ಮುಟ್ಟದಿದ್ದರೆ ನಾಜಲ್‌ನಲ್ಲಿ ಶಾಯಿ ಒಣಗಿ, ತಪಾಸಣೆಯ ಹಾಳೆಯಲ್ಲಿ ಗೆರೆಗಳು ತುಂಡುತುಂಡಾಗಿ ಬೀಳುವುವು. ನಾಜಲ್‌ಗಳಿರುವ ಹೆಡ್ಡನ್ನು ಶುದ್ಧಿಮಾಡುವಾಗ ಹೊರಹೋಗುವ ಶಾಯಿಯೂ ಲೆಕ್ಕಕ್ಕೆ ಸೇರತಕ್ಕದ್ದೇ. ವರ್ಷಕ್ಕೆ ಹತ್ತಾರು ಚಿತ್ರಗಳಷ್ಟೇ ಬೇಕಾದವರಿಗೆ ಸ್ಟುಡಿಯೋವೇ ಮೇಲು.

ಇನ್ನುಳಿದುದು ಕಾಗದ. ಲೇಪವಿರುವ ಮಗ್ಗುಲು ಯಾವುದೆಂದು ತಿಳಿಯದಿದ್ದರೆ ಮೂಲೆಯನ್ನು ಒದ್ದೆ ಬೆರಳಿನಿಂದ ಮುಟ್ಟಿ ನೋಡುವುದುಂಟು. ಲೇಪದ ಕಡೆ ಬೆರಳಿಗೆ ಅಂಟುತ್ತದೆ. ಎ4 ಹಾಳೆಯೊಂದರಲ್ಲಿ 4×6 ಅಂಗುಲದ ನಾಲ್ಕು ಚಿತ್ರಗಳನ್ನು ಹಿಡಿಸಲು ಹೊರಟರೆ ಉದ್ದದಲ್ಲಿ ಸುಮಾರು 8 ಮಿಲಿಮೀಟರು ಸಾಲದಾಗುತ್ತದೆ. ಎರಡನ್ನು ನಿಲ್ಲಿಸಿ, ಒಂದನ್ನು ಅಡ್ಡಲಾಗಿ ಮಲಗಿಸಿದರೆ ಮೂರು ಪೂರ್ಣ ಗಾತ್ರದಲ್ಲಿಯೇ ಹಿಡಿಯುತ್ತವೆ. ಪಕ್ಕದಲ್ಲಿ ಮಿಕ್ಕ ಪಟ್ಟಿಯಲ್ಲಿ ಪಾಸ್‌ಪೋರ್ಟ್ ಅಳತೆಯ ಮೂರು ಮುಖಗಳಿಗೂ ಜಾಗವುಂಟು.