ಗನಾಡೊ ಊರಿನ ಉದ್ರಿ ಲೆಕ್ಕ

ಅರಿಜೋನಾದ ಗನಾಡೊ ಎಂಬ ನವಾಹೊ ಊರಿನಲ್ಲಿ ಹಬೆಲ್ ಅಂಗಡಿಯ ಬಾಗಿಲು ಇಂದಿಗೂ ತೆರೆಯುತ್ತದೆ. ದಪ್ಪನೆಯ ಮರಳುಗಲ್ಲಿನ ಗೋಡೆ, ಕಾಲಿಟ್ಟರೆ ಕಿರುಗುಟ್ಟುವ ಹಲಗೆಯ ನೆಲ, ಸುತ್ತ ಎತ್ತರದ ಕೌಂಟರು. ಗಿರಾಕಿಗಳು ನಿಲ್ಲುವ ನಡುವಿನ ಜಾಗಕ್ಕೆ ಬುಲ್ ಪೆನ್ ಎನ್ನುತ್ತಾರೆ. ಮಗಳು ಅಲ್ಲಿಗೆ ಕರೆದುಕೊಂಡು ಹೋದಾಗ ನನ್ನ ಕಣ್ಣು ಹುಡುಕಿದ್ದು ತಕ್ಕಡಿಯನ್ನು. ಚಳ್ಳಕೆರೆ ಕಡೆಯ ಉಣ್ಣೆ ಸೊಸೈಟಿಯಲ್ಲಿ ಲೆಕ್ಕ ಬರೆದೇ ತಲೆ ನರೆತವನು ನಾನು.

ಇಲ್ಲಿಯ ಮೂಲನಿವಾಸಿ ನವಾಹೊ ಜನ ಅಂಗಡಿಗೆ ಕಟ್ಟುಬಿದ್ದದ್ದಕ್ಕೆ ಕಾರಣವಿದೆ. 1864ರಲ್ಲಿ ಅಮೆರಿಕದ ಸೈನ್ಯ ಅವರ ಹೊಲ, ಪೀಚ್ ತೋಟಗಳನ್ನು ನಾಶಮಾಡಿ, ಅವರನ್ನು ನ್ಯೂ ಮೆಕ್ಸಿಕೊದ ಬೋಸ್ಕ್ ರೆಡಾಂಡೊ ಎಂಬ ಸೆರೆಶಿಬಿರಕ್ಕೆ ನಡೆಸಿಕೊಂಡೇ ಹೋಯಿತು. ದಾರಿಯಲ್ಲಿ ಸತ್ತವರು ಎಷ್ಟೋ ಜನ. 1868ರ ಒಪ್ಪಂದದ ಮೇಲೆ ತಮ್ಮ ನೆಲಕ್ಕೆ ಮರಳಿದರು. ಸರ್ಕಾರ ಅವರಿಗೆ 15,000 ಕುರಿ ಮೇಕೆ ಕೊಡಬೇಕೆಂದು ಆ ಒಪ್ಪಂದದಲ್ಲೇ ಬರೆದಿತ್ತು. ಹತ್ತು ವರ್ಷದ ನಂತರ ಜಾನ್ ಲೊರೆಂಜೊ ಹಬೆಲ್ ಇಲ್ಲಿಯ ಅಂಗಡಿಯನ್ನು ಕೊಂಡ.

ವಸಂತದಲ್ಲಿ ಉಣ್ಣೆ, ಸುಗ್ಗಿಯ ಹೊತ್ತಿಗೆ ಕುರಿಮರಿ: ಮನೆಗೆ ಹೆಚ್ಚಿನ ಆದಾಯ ಬರುತ್ತಿದ್ದದ್ದು ಆಗ. ನಡುವಿನ ತಿಂಗಳುಗಳಲ್ಲಿ ಗೋಧಿಹಿಟ್ಟು, ಕಾಫಿ, ಸಕ್ಕರೆ ಎಲ್ಲವೂ ಉದ್ರಿ. ಅದಕ್ಕೆ ಬೆಳ್ಳಿ, ಪಚ್ಚೆನೀಲಿ ಕಲ್ಲಿನ ಒಡವೆ ಗಿರವಿ. ಕೆಲವು ವ್ಯಾಪಾರಿಗಳು ತಮ್ಮದೇ ತಗಡಿನ ಬಿಲ್ಲೆಗಳನ್ನು ಕೊಡುತ್ತಿದ್ದರು. ಆಯಾ ಅಂಗಡಿಯ ಹೊಸಿಲು ದಾಟಿದರೆ ಅವು ನಡೆಯುತ್ತಿರಲಿಲ್ಲ.

ಕುರಿಯೂ ಹೆಚ್ಚಾಗಿ ಹೆಂಗಸರದ್ದು, ಮಗ್ಗವೂ ಹೆಂಗಸರದ್ದು. ಉಣ್ಣೆ ಕತ್ತರಿಸಿ, ತೊಳೆದು, ಹಿಂಜಿ, ನೂತು, ಬಣ್ಣ ಹಾಕಿ, ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ ನೇಯ್ದ ಮೇಲೆ ಸಾಧಾರಣ ಕಂಬಳಿಗೆ ಸಿಗುತ್ತಿದ್ದದ್ದು ಪೌಂಡ್ ತೂಕದ ಬೆಲೆ. ತೂಕ ಹೆಚ್ಚಲೆಂದು ಉಣ್ಣೆಯಲ್ಲಿ ಮರಳು ಉಳಿಸುತ್ತಾರೆ ಎಂದು ವ್ಯಾಪಾರಿಗಳು ಬೈಯುತ್ತಿದ್ದರಂತೆ. ನಮ್ಮ ಕಡೆ ಉಣ್ಣೆಗೆ ನೀರು ಚಿಮುಕಿಸಿ ತರುತ್ತಿದ್ದವರನ್ನು ಬಲ್ಲ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಬೆಲೆಯೆಲ್ಲ ತೂಕದಲ್ಲಿದ್ದರೆ ಜಾಣತನವೂ ಅಲ್ಲೇ ಸೇರುತ್ತದೆ.

ಹಬೆಲ್ ರಸಿಕ, ಅದನ್ನು ಒಪ್ಪಬೇಕು. ಬಂದ ಚಿತ್ರಕಾರರಿಂದ ಕಂಬಳಿ ವಿನ್ಯಾಸಗಳ ಪುಟ್ಟ ಚಿತ್ರ ಬರೆಸಿ ಗೋಡೆಗೆ ತೂಗುಹಾಕಿದ. ನೇಯುವವರು ಅದನ್ನು ನೋಡಿ ನೇಯ್ದರು. ಗಾಢ ಕೆಂಪಿನ ನೆಲ, ಕಪ್ಪು-ಬಿಳಿ-ಬೂದು ನಮೂನೆ: ಗನಾಡೊ ಕೆಂಪು ಎಂದೇ ಹೆಸರಾಯಿತು. ರೈಲ್ವೆ ಹೋಟೆಲುಗಳ ಫ್ರೆಡ್ ಹಾರ್ವಿ ಕಂಪನಿ ಅವನ ದೊಡ್ಡ ಗಿರಾಕಿ. ಆದರೆ ರಸಿಕತೆ ಬೇರೆ, ಖಾತೆ ಬೇರೆ. ಅವನ ಕಾಗದಪತ್ರಗಳು ಅರಿಜೋನಾ ವಿಶ್ವವಿದ್ಯಾಲಯದಲ್ಲಿವೆ. ಅವನ್ನು ಓದಿದ ಕ್ಯಾಥಿ ಮೆಕ್ಲೋಸ್ಕಿ 2002ರ ತಮ್ಮ ಪುಸ್ತಕದಲ್ಲಿ, ನೇಯ್ದವರ ದುಡಿಮೆಗೆ ತಕ್ಕ ಬೆಲೆ ಸಿಗಲಿಲ್ಲವೆಂದು ವಾದಿಸಿದ್ದಾರೆ. ಖಾತೆ ಬರೆದವನಾಗಿ ನಾನು ಆಕೆಯ ಪರ.

1930ರ ದಶಕದಲ್ಲಿ ಇನ್ನೊಂದು ಪೆಟ್ಟು ಬಿತ್ತು. ಮೇವು ಬರಿದಾಗಿ ಮಣ್ಣು ಕೊಚ್ಚಿ ಹೋಗುತ್ತಿದೆ, ಹೂಳು ಬೌಲ್ಡರ್ ಅಣೆಕಟ್ಟಿಗೆ ಸೇರುತ್ತದೆ ಎಂದು ಸರ್ಕಾರ ಮಂದೆಗಳನ್ನು ಕಡಿಮೆ ಮಾಡಿಸಿತು. ಎಷ್ಟೋ ಕಡೆ ಮೇಕೆಗಳನ್ನು ಗುಂಡಿಕ್ಕಿ ಅಲ್ಲೇ ಬಿಟ್ಟರು. ಹೆಂಗಸರ ಕೈಯ ಬಂಡವಾಳವೇ ಹೋಯಿತು. ಹಳೆಯ ಚುರೊ ಕುರಿ ತಳಿ ಅಳಿವಿನಂಚಿಗೆ ಬಂತು; ಅದನ್ನು ಉಳಿಸುವ ಕೆಲಸ ಶುರುವಾದದ್ದು 1977ರಲ್ಲಿ.

ಪಿಕಪ್ ಟ್ರಕ್ಕು ಬಂದ ಮೇಲೆ ಜನ ನವಾಹೊ ನೆಲದ ಹೊರಗಿನ ಗ್ಯಾಲಪ್ ಪೇಟೆಗೆ ಹೋಗತೊಡಗಿದರು. 1967ರಲ್ಲಿ ಹಬೆಲ್ ಮನೆತನ ಅಂಗಡಿಯನ್ನು ರಾಷ್ಟ್ರೀಯ ಉದ್ಯಾನ ಇಲಾಖೆಗೆ ಮಾರಿತು. ಮರುವರ್ಷ ಕ್ರೌನ್‌ಪಾಯಿಂಟ್ ಎಂಬ ಊರಿನಲ್ಲಿ ನೇಯುವವರು ಕೊಳ್ಳುವವರಿಗೆ ನೇರ ಮಾರುವ ಹರಾಜು ಶುರುವಾಯಿತು.

ಹಣ ಮಾತ್ರ ಈಗಲೂ ಊರಲ್ಲಿ ನಿಲ್ಲುವುದು ಕಷ್ಟ. ಆಸ್ಪತ್ರೆ, ಶಾಲೆಯ ಸಂಬಳ ಸಂತೆಯ ದಿನ ಗ್ಯಾಲಪ್ ಸೇರುತ್ತದೆ. ಊರಲ್ಲೇ ಅಂಗಡಿ ಹಾಕೋಣವೆಂದರೆ ನೆಲ ಕೇಂದ್ರ ಸರ್ಕಾರದ ಟ್ರಸ್ಟಿನಲ್ಲಿದೆ. ಅಲ್ಲಿ ಕುರಿ ಮೇಯಿಸುವ ಹಕ್ಕಿರುವವರು ಒಪ್ಪಬೇಕು, ಆಮೇಲೆ ನವಾಹೊ ರಾಜಧಾನಿ ವಿಂಡೋ ರಾಕ್‌ನ ಕಚೇರಿಗಳು ಗುತ್ತಿಗೆ ಮಂಜೂರು ಮಾಡಬೇಕು. ಸ್ವಂತ ನೆಲವಿಲ್ಲದವನು ಬ್ಯಾಂಕಿಗೆ ಅಡಮಾನವಾಗಿ ಏನು ಇಟ್ಟಾನು?